ಆನ್‌ಲೈನ್ ಕ್ಲಾಸಲ್ಲಿ ಅಸೈನ್‌ಮೆಂಟ್, ಮೇಲ್: ಕೈ ಸುಟ್ಕೊಂಡು ಕಲಿತಿದ್ದು (ನನ್ನ ಅನುಭವ)

ಹೋದ ಎರಡು ಸೆಮಿಸ್ಟರಲ್ಲಿ ನಂದು ಒಂದು ಅಸೈನ್‌ಮೆಂಟೂ ಲೇಟ್ ಆಗಿಲ್ಲ, ಒಂದು ಫೈಲೂ ವಾಪಸ್ ಬಂದಿಲ್ಲ, ಹೆಚ್ಚುಕಮ್ಮಿ 30 ಸಬ್ಮಿಷನ್ ಇರ್ಬೇಕು. "ಅಪ್‌ಲೋಡ್ ಒತ್ತಿದ್ರೆ ಮುಗೀತು, ಇಷ್ಟೆಲ್ಲಾ ಯಾಕೆ ಮಾರಾಯ" ಅಂತಿದ್ದೋರೇ ಈಗ ಹೆಂಗ್ ಮಾಡ್ತೀಯ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದಲ್ನೇ ವರ್ಷ ಒಂದು ಪೇಪರ್ ಹೋಯ್ತು. ಬರೆದಿದ್ದು ಚೆನ್ನಾಗೇ ಇತ್ತು, ಆದ್ರೆ ಅಸೈನ್‌ಮೆಂಟ್ ಹಾಕೋ ನಮ್ಮ ಪೋರ್ಟಲ್ ಮೂಡಲ್‌ನಲ್ಲಿ ಫೈಲ್ ಹಾಕಿ ಸೇವ್ ಕೊಟ್ಟು ಎದ್ದುಬಿಟ್ಟೆ, ಆಮೇಲೆ ಸಬ್ಮಿಟ್ ಬಟನ್ ಬೇರೆ ಒತ್ತಬೇಕಿತ್ತು, ಫೈಲ್ ಡ್ರಾಫ್ಟಲ್ಲೇ ಕೂತಿತ್ತು. ಆ ಕೋರ್ಸಿನ ಫೀಸು ಪೂರ್ತಿ ಇನ್ನೊಂದ್ಸಲ ಕಟ್ಟಿದೆ, ಪಾರ್ಟ್ ಟೈಮ್ ಕೆಲಸದ ಎರಡು ತಿಂಗಳ ಸಂಬಳ ಅದಕ್ಕೇ ಹೋಯ್ತು. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆಮೇಲೊಂದ್ಸಲ ಐಫೋನಲ್ಲಿ ತೆಗೆದ ಫೋಟೋ ಹಂಗೇ ಹಾಕಿದೆ, ಎಚ್‌ಇಐಸಿ (ಐಫೋನಿನ ಫೋಟೋ ಫಾರ್ಮ್ಯಾಟ್) ಫೈಲ್, ಮೇಡಂ ಕಂಪ್ಯೂಟರಲ್ಲಿ ತೆರೀಲೇ ಇಲ್ಲ. ಇನ್ನೊಂದ್ಸಲ ಗೂಗಲ್ ಡ್ರೈವ್ ಲಿಂಕ್ ಕೊಟ್ಟು, ಅದನ್ನ ತೆರೆಯೋ ಪರ್ಮಿಷನ್ ಕೊಡೋದು ಮರೆತೆ. 15ನೇ ತಾರೀಕು 12:00 ಎಎಮ್ ಅಂತ ಇದ್ರೆ ಅದು 14ರ ರಾತ್ರೀನೇ ಮುಗಿಯುತ್ತೆ, ಇದೂ ಮಾರ್ಕ್ಸ್ ಕಳ್ಕೊಂಡ ಮೇಲೇ ತಲೆಗೆ ಹೋಗಿದ್ದು.

ಈಗ ಡೆಡ್‌ಲೈನಿಗೆ ಒಂದು ದಿನ ಮುಂಚೆಯೇ ನನ್ನ ಡೆಡ್‌ಲೈನ್. ಫೈಲ್ ಹೆಸರಲ್ಲಿ ಕೋರ್ಸ್ ಕೋಡ್, ರೋಲ್ ನಂಬರ್, ಅಸೈನ್‌ಮೆಂಟ್ ನಂಬರ್ ಅಷ್ಟೇ, "ಫೈನಲ್", "ಫೈನಲ್ 2" ಅಂತ ಇಟ್ಟು ಹಳೇದನ್ನ ಕಳಿಸಿದ್ದೂ ಆಗಿದೆ. ಅಪ್‌ಲೋಡ್ ಆದ್ಮೇಲೆ ಅದೇ ಫೈಲನ್ನ ಬೇರೆ ಡಿವೈಸಲ್ಲಿ ಡೌನ್‌ಲೋಡ್ ಮಾಡಿ ಕೊನೇ ಪೇಜ್ ತನಕ ನೋಡ್ತೀನಿ, ಟೈಮ್ ಕಾಣೋ ಹಂಗೆ ಸ್ಕ್ರೀನ್‌ಶಾಟ್ ತಗೋತೀನಿ. ಎಲ್ರೂ ನಕ್ಕಿದ್ದು ಈ ಡೌನ್‌ಲೋಡ್ ವಿಷಯಕ್ಕೇ, ನನ್ನ ಉಳಿಸಿದ್ದೂ ಅದೇ.

ನಡುವೆ ಸ್ಕ್ಯಾನ್ ಮೇಲೂ ಒಂದಿಷ್ಟು ಪ್ರಯೋಗ ಮಾಡಿದೆ. ಕೈಬರಹದ 12 ಪುಟ ಕಲರಲ್ಲಿ 300 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನೋ ಅಳತೆ) ಇಟ್ರೆ ನಂಗೆ ಸುಮಾರು 40 ಎಂಬಿ ಬಂತು, ಗ್ರೇ ಮಾಡಿ 150 ಇಟ್ರೆ ನಾಲ್ಕೋ ಐದೋ ಎಂಬಿ, ಓದೋಕೆ ಏನೂ ತೊಂದ್ರೆ ಇಲ್ಲ. ಜಿಮೇಲಲ್ಲಿ 25 ಎಂಬಿ ದಾಟಿದ್ರೆ ಅದೇ ಡ್ರೈವ್ ಲಿಂಕ್ ಮಾಡ್ಬಿಡುತ್ತೆ, ಮತ್ತೆ ಪರ್ಮಿಷನ್ ರಗಳೆ.

ಮೇಲ್ ವಿಷಯದಲ್ಲಿ ನನ್ನ ತಪ್ಪು ಇನ್ನೂ ದೊಡ್ಡದು. ರಾತ್ರಿ 11ಕ್ಕೆ, ಸಬ್ಜೆಕ್ಟ್ ಇಲ್ಲ ಹೆಸರಿಲ್ಲ, "ಮಾರ್ಕ್ಸ್ ಯಾಕೆ ಕಮ್ಮಿ ಕೊಟ್ರಿ" ಅಂತ ಒಂದೇ ಲೈನ್ ಕಳಿಸಿದ್ದೆ. ನೂರಾರು ಜನ ಇರೋ ಕ್ಲಾಸಲ್ಲಿ ನಾನ್ಯಾರು ಅಂತ ಅವರಿಗೆ ಗೊತ್ತಾಗೋದಾದ್ರೂ ಹೆಂಗೆ? ಈಗ ಸಬ್ಜೆಕ್ಟಲ್ಲೇ ಕೋರ್ಸ್ ಕೋಡ್, ಸೆಕ್ಷನ್, ವಿಷಯ. ಒಳಗೆ ನಮಸ್ಕಾರ, ಒಂದೇ ಪ್ರಶ್ನೆ, ನಾನಾಗೇ ಏನೇನು ನೋಡ್ದೆ ಅನ್ನೋದು, ಹೆಸರು, ರೋಲ್ ನಂಬರ್. ಟೈಮ್ ಬೇಕಿದ್ರೆ ಎರಡ್ಮೂರು ದಿನ ಮುಂಚೆ ಕೇಳ್ತೀನಿ, ಯಾವತ್ತು ಕೊಡ್ತೀನಿ ಅಂತ ತಾರೀಕೂ ನಾನೇ ಹೇಳ್ತೀನಿ, ಹಂಗೆ ಕೇಳಿದ್ದು ಐದಾರು ಸಲ, ಒಂದ್ಸಲ ಬಿಟ್ಟು ಎಲ್ಲಾ ಸಿಕ್ಕಿದೆ. ಸಿಟ್ಟು ಬಂದಿದ್ರೆ "ಟು" ಅಂತ ಯಾರಿಗೆ ಅನ್ನೋದು ಹಾಕೋ ಜಾಗ ಖಾಲಿ ಬಿಟ್ಟು ಬರೀತೀನಿ, ಬೆಳಿಗ್ಗೆ ಎದ್ದು ಓದಿದ್ರೆ ಅರ್ಧ ಅಳಿಸ್ತೀನಿ. ಜಿಮೇಲಲ್ಲಿ ಅನ್‌ಡು ಸೆಂಡ್ (ಕಳಿಸಿದ ಮೇಲ್ ವಾಪಸ್ ತಗೊಳ್ಳೋದು) 30 ಸೆಕೆಂಡಿಗೆ ಏರಿಸಿಟ್ಕೊಂಡಿದೀನಿ, ಎರಡು ಸಲ ಮಾನ ಉಳಿಸಿದೆ. ಕ್ಲಾಸಿನ ಡಿಸ್ಕಷನಲ್ಲಿ ಯಾರಾದ್ರೂ ಹೇಳಿದ್ದು ಒಪ್ಪದೇ ಇದ್ರೆ ಮೊದಲು ಅವರು ಹೇಳಿದ್ದನ್ನ ಒಂದು ಲೈನಲ್ಲಿ ಬರೆದು, ಆಮೇಲೆ ನಂದು.

ಹೋದ ಸೆಮಿಸ್ಟರ್ ಕೊನೇ ಅಸೈನ್‌ಮೆಂಟ್ ದಿನ ಡೆಡ್‌ಲೈನಿಗೆ ಒಂದು ಗಂಟೆ ಇರೋವಾಗ ಪೋರ್ಟಲ್ ಬಿದ್ದೋಯ್ತು. ಗ್ರೂಪಲ್ಲಿ ಎಲ್ರೂ ಪರದಾಡ್ತಿದ್ರು, ನಂದು ಹಿಂದಿನ ರಾತ್ರೀನೇ ಹೋಗಿತ್ತು. ಎಲ್ರ ಪರವಾಗಿ ಸರ್‌ಗೆ ಮೇಲ್ ಬರೆದಿದ್ದೂ ನಾನೇ, ಎರರ್ ಸ್ಕ್ರೀನ್‌ಶಾಟ್ ಹಾಕಿ, ನಾಲ್ಕೇ ಲೈನು. ಇಪ್ಪತ್ತು ನಿಮಿಷದಲ್ಲಿ ಒಂದು ದಿನ ಎಕ್ಸ್‌ಟ್ರಾ ಸಿಕ್ತು.