ಕೃಷಿಭವನಕ್ಕೆ ಹೋಗುವ ಮೊದಲು ಹೆಸರು ಸರಿ ಮಾಡಿಕೊಳ್ಳಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆ ಒಂದೆರಡು ಎಕ್ರೆ ಅಡಿಕೆ ತೋಟ ಇರುವವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ, ಸರಕಾರದ ದುಡ್ಡು ನಮ್ಮಂಥವರಿಗೆ ಎಲ್ಲಿ ಬರುತ್ತದೆ ಅಂತ. ಬರುತ್ತದೆ. ಆದರೆ ಗಡಿನಾಡಿನ ನಮಗೆ ಅದು ಜಾಸ್ತಿ ಸಲ ಹೆಸರಿನ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಅಪ್ಪನದ್ದೂ ಹಾಗೇ ಆಯಿತು. ಆಧಾರ್‌ನಲ್ಲಿ ಈಶ್ವರ, ತೀರ್ವೆ (ಭೂಕಂದಾಯ) ರಶೀದಿಯಲ್ಲಿ ಈಶ್ವರನ್, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಹಿಂದೆ ಹೋಗಿ ಕೂತಿತ್ತು. ಮಲಯಾಳದಲ್ಲಿ ಬರೆಯುವಾಗ ಯಾರೋ ಸೇರಿಸಿದ ಒಂದು 'ನ್' ಅಪ್ಪನನ್ನು ಎಷ್ಟು ಸಲ ಬಸ್ ಹತ್ತಿಸಿತು ಅಂತ ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ. ಆಧಾರ್, ಈ ವರ್ಷದ ತೀರ್ವೆ ರಶೀದಿ, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ನಾಲ್ಕನ್ನೂ ಮೇಜಿನ ಮೇಲೆ ಹರಡಿ, ಇಂಗ್ಲಿಷಿನಲ್ಲಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಹಣ ಬರುವುದು ಆಧಾರ್ ಹಿಡಿದುಕೊಂಡು, ಅದಕ್ಕೇ ಉಳಿದದ್ದನ್ನು ಆಧಾರ್‌ಗೆ ಹೊಂದಿಸುವುದು ಸುಲಭ. ತಿದ್ದಲು ತಡ ಆಗುತ್ತದೆ ಎಂದಾದರೆ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದ ಮೂಲಕ ವಿಲೇಜ್ ಆಫೀಸಿಗೆ ಅರ್ಜಿ ಹಾಕಿ, ಈ ಎರಡು ಹೆಸರೂ ಒಬ್ಬರದ್ದೇ ಎಂಬ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ.

ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯಾ? ಹಾಗಾದರೆ ಪೋಕುವರವು, ಅಂದರೆ ಜಾಗದ ಖಾತೆ ಬದಲಾವಣೆ, ಮಾಡಿಸದೆ ಮುಂದೆ ಹೋಗಿ ಪ್ರಯೋಜನ ಇಲ್ಲ. ಪಿಎಂ ಕಿಸಾನ್‌ಗೆ (ಕೇಂದ್ರ ಸರಕಾರ ಕೃಷಿಕರಿಗೆ ವರ್ಷವೂ ಕೊಡುವ ಹಣ) 2019ರ ಫೆಬ್ರವರಿ 1ಕ್ಕೆ ಜಾಗ ನಿಮ್ಮ ಹೆಸರಲ್ಲಿ ಇರಬೇಕು ಎಂಬ ನಿಯಮ ಇದೆ. ಹಿರಿಯರು ತೀರಿಹೋಗಿ ಆಮೇಲೆ ಬಂದ ಜಾಗಕ್ಕೆ ಮಾತ್ರ ಇದರಿಂದ ವಿನಾಯಿತಿ. ಇದು ಗೊತ್ತಿಲ್ಲದೆ ಸುಮ್ನೆ ಕೈಬಿಟ್ಟವರು ಇದ್ದಾರೆ.

ಆಮೇಲೆ ಎಐಎಂಎಸ್, ಅಂದರೆ ಕೇರಳ ಕೃಷಿ ಇಲಾಖೆಯ ಪೋರ್ಟಲ್. ಅದರಲ್ಲಿ ಹೆಸರು ನೋಂದಾಯಿಸಿ, ಜಾಗದ ವಿವರ ಸೇರಿಸಿ. ಫೋನಿನಲ್ಲೇ ಮಾಡಬಹುದು, ಆಗದಿದ್ದರೆ ಅಕ್ಷಯಕ್ಕೆ ಹೋಗಿ. ಕೃಷಿಭವನದ, ಅಂದರೆ ಊರಿನ ಕೃಷಿ ಕಚೇರಿಯ, ಹೆಚ್ಚಿನ ಅರ್ಜಿಗಳಿಗೆ ಇದೇ ಬಾಗಿಲು. ಸರ್ವೆ ನಂಬ್ರ, ತಂಡಪ್ಪೇರು (ಜಾಗದ ಖಾತೆ) ನಂಬ್ರ ಎರಡೂ ತೀರ್ವೆ ರಶೀದಿಯಲ್ಲೇ ಇರುತ್ತವೆ. ಮಲಯಾಳ ಓದಲು ಬಾರದಿದ್ದರೆ ಗೊತ್ತಿರುವವರಿಂದ ಓದಿಸಿಕೊಳ್ಳಿ, ಅಂದಾಜಿಗೆ ತುಂಬಿಸಬೇಡಿ.

ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಒಂದು ಕುಟುಂಬಕ್ಕೆ ಒಂದೇ. ಕಂತು ನಿಂತಿದ್ದರೆ ಮೂರು ವಿಷಯ ನೋಡಿ: ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿದೆಯಾ, ಜಾಗದ ವಿವರ ಸೇರಿದೆಯಾ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ. ಎರಡು ಮೂರು ಖಾತೆ ಇದ್ದರೆ ಹಣ ಹೋಗುವುದು ಕೊನೆಗೆ ಜೋಡಿಸಿದ ಖಾತೆಗೆ. ದುಡ್ಡೇ ಬರಲಿಲ್ಲ ಅಂತ ಬೇಸರಪಟ್ಟ ನೆರೆಮನೆಯ ಅಕ್ಕನ ಹಣ ಆಧಾರ್ ಜೋಡಣೆ ಇದ್ದ ಹಳೇ ಖಾತೆಯಲ್ಲಿ ಹಾಗೇ ಬಿದ್ದಿತ್ತು. ಅವರ ಇ-ಕೆವೈಸಿಯೂ ಸುಲಭದಲ್ಲಿ ಆಗಲಿಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದ ಕೈ, ಹೆಬ್ಬೆರಳಿನ ಗೆರೆಯೇ ಸವೆದುಹೋಗಿದೆ. ಮಿಷನ್ನಿನ ಮೇಲೆ ನಾಲ್ಕು ಸಲ ಒತ್ತಿದರು, ಸೆರಗಿಗೆ ಒರೆಸಿ ಮತ್ತೊಮ್ಮೆ ಒತ್ತಿದರು, ಇಲ್ಲ. ಇಂಥವರಿಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ 2023ರಿಂದ ಇದೆ. ಮನೆಯ ಮಕ್ಕಳು ಮಾಡಿಕೊಡಬಹುದು.

ಇನ್ನು ಕಿಸಾನ್ ಕ್ರೆಡಿಟ್ ಕಾರ್ಡ್, ಅಂದರೆ ಕಡಿಮೆ ಬಡ್ಡಿಯ ಬೆಳೆ ಸಾಲ. ನನ್ನ ಮಟ್ಟಿಗೆ ಸಣ್ಣ ಕೃಷಿಕರಿಗೆ ನಿಜವಾಗಿ ಆಧಾರ ಆಗುವುದು ಇದು. ಮೇ ತಿಂಗಳು ಬಂದರೆ ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಸಂಬಳ ಎಲ್ಲ ಒಟ್ಟಿಗೇ ಬೇಕು, ಕೈಯಲ್ಲಿ ಅಡಿಕೆ ಮುಗಿದಿರುತ್ತದೆ. ಬಳೆ ಅಡವು ಇಡುವ ಮೊದಲು ಬ್ಯಾಂಕಿನಲ್ಲಿ ಇದನ್ನು ಕೇಳಿ. 3 ಲಕ್ಷದವರೆಗೆ ಬಡ್ಡಿ ನೂರಕ್ಕೆ 7, ಅವಧಿಯೊಳಗೆ ಕಟ್ಟಿದರೆ 3 ಬಿಟ್ಟು 4 ಮಾತ್ರ. ಒಂದು ಲಕ್ಷಕ್ಕೆ ವರ್ಷಕ್ಕೆ 4,000. ಒಂದು ದಿನ ತಪ್ಪಿದರೂ ಈ ರಿಯಾಯಿತಿ ಹೋಗುತ್ತದೆ, ಅದಕ್ಕೇ ಕಟ್ಟುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ. ಇದನ್ನು ಮ್ಯಾನೇಜರ್ ಹತ್ತಿರ ಧೈರ್ಯವಾಗಿ ಹೇಳಿ.

ಸ್ವಂತ ಜಾಗ ಇಲ್ಲದೆ ಬೇರೆಯವರ ಗದ್ದೆಯಲ್ಲಿ ತರಕಾರಿ ಮಾಡುವ ಹೆಂಗಸರಿಗೆ ಪಿಎಂ ಕಿಸಾನ್ ಸಿಗದು, ಅದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಅವರು ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘಗಳ ಜಾಲ) ಜಾಯಿಂಟ್ ಲಯಬಿಲಿಟಿ ಗ್ರೂಪ್, ಅಂದರೆ ಸಾಲಕ್ಕೆ ಎಲ್ಲರೂ ಒಟ್ಟಿಗೆ ಹೊಣೆಯಾಗುವ ಗುಂಪು, ಮಾಡಿಕೊಂಡರೆ ಸಾಲಕ್ಕೆ ದಾರಿ ಇದೆ. ನಾಲ್ಕು ಜನ ಸಾಕು.

ಬೆಳೆವಿಮೆ ಮಳೆಗಾಲಕ್ಕೆ ಮೊದಲೇ ಮಾಡಿಸಿ. ಗಾಳಿಗೆ ಮರ ಬಿದ್ದರೆ ಕಡಿದು ತೆಗೆಯುವ ಅವಸರ ಬೇಡ. ಬಿದ್ದ ಹಾಗೆಯೇ ಫೋಟೋ ತೆಗೆದು, ಎಷ್ಟು ಮರ ಅಂತ ಎಣಿಸಿ, ಅವತ್ತೇ ಕೃಷಿಭವನಕ್ಕೆ ತಿಳಿಸಿ. ಹವಾಮಾನ ಆಧಾರಿತ ವಿಮೆ ಬೇರೆ, ಅದು ನೋಡುವುದು ಹವಾಮಾನ ಕೇಂದ್ರದ ಮಳೆ ಲೆಕ್ಕವನ್ನು, ನಿಮ್ಮ ತೋಟವನ್ನಲ್ಲ. ಸಾಧ್ಯವಾದರೆ ಎರಡರ ಬಗ್ಗೆಯೂ ಕೇಳಿ.

ಅರ್ಜಿ ಬರೆಯುವಾಗ ಮಲಯಾಳ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಭಾಷಾ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು ಅಂತ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಕೊಟ್ಟ ಅರ್ಜಿಯ ಒಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಸಂಶಯ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಇರುತ್ತಾರೆ, ದುಡ್ಡು ಹೋಗುವುದಿಲ್ಲ. ಕನ್ನಡದವರು ಬೇಕು ಅಂತ ಮೊದಲೇ ಹೇಳಿ.