ಮಕ್ಕಳ ಬ್ಯಾಗಿನಲ್ಲಿ ನಶೆಯ ಸಾಮಾನು ಸಿಕ್ಕಿದರೆ

ಬ್ಯಾಗಿನಲ್ಲಿ ರೋಲಿಂಗ್ ಪೇಪರ್ (ಗಾಂಜಾ, ತಂಬಾಕು ಸುತ್ತುವ ಕಾಗದ), ವೇಪ್ (ಇ-ಸಿಗರೇಟ್), ಇಲ್ಲವೇ ನಶೆಗಾಗಿ ಮೂಸುವ ವೈಟ್ನರ್ ವಾಸನೆ ಹೊಡೆಯುವ ಕರ್ಚೀಫ್ ಸಿಕ್ಕಿತಾ? ಅದೇ ರಾತ್ರಿ ಕೂಗಾಡಬೇಡಿ. ಅಮಲಿನಲ್ಲಿರುವಾಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ಎಬ್ಬಿಸಿದರೂ ಏಳದಿದ್ದರೆ, ಇಲ್ಲವೇ ಉಸಿರಾಟ ತೀರಾ ನಿಧಾನವಾಗಿದ್ದರೆ ಮಾತ್ರ ಕಾಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಮಾತು ಮರುದಿನಕ್ಕಿರಲಿ. ಎದುರಿಗೆ ಕೂರಿಸಿ ವಿಚಾರಣೆ ಮಾಡಿದರೆ ಯಾರೂ ಬಾಯಿ ಬಿಡುವುದಿಲ್ಲ. ಕಾರಿದ್ದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ ಒಳ್ಳೆಯ ಜಾಗ (ಒಂದು ಉಪಯೋಗಕ್ಕಾದರೂ ಬರಲಿ!). ಮುಖ ನೋಡಬೇಕಾಗಿಲ್ಲ, ಎದ್ದು ಹೋಗೋಕೂ ಆಗಲ್ಲ. "ಇದು ಸಿಕ್ಕಿತು ಕಣೋ. ನೀನೇ ಹೇಳು, ನಾನು ಮಧ್ಯೆ ಬಾಯಿ ಹಾಕಲ್ಲ" ಅಂತ ಶುರು ಮಾಡಿ. ಆಮೇಲೆ ನಿಜಕ್ಕೂ ಬಾಯಿ ಹಾಕಬೇಡಿ, ಕಷ್ಟ ಇರುವುದೇ ಅಲ್ಲಿ. ಯಾರು ಕೊಟ್ಟರು ಅನ್ನುವುದಕ್ಕಿಂತ ಮೊದಲು, ಯಾವಾಗ ಬೇಕು ಅನಿಸುತ್ತದೆ ಅಂತ ಕೇಳಿ.

ಅಪ್ಪನ ಬಾಟಲಿ, ಅಜ್ಜಿಯ ನಿದ್ದೆ ಮಾತ್ರೆ ಬೀಗದೊಳಗಿರಲಿ.

ಪದೇ ಪದೇ ಆಗುತ್ತಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಅಲ್ಲಿಗೆ ಹೋಗೋಕೆ ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗ ಒಪ್ಪದಿದ್ದರೆ ಮೊದಲ ಕರೆ ನೀವೇ ಮಾಡಿ.