ಮುಸ್ಸಂಜೆ ಅನ್ನೋ ಹೆಸರಿನ ಮೇಷ್ಟ್ರ ಜೀವನ ಬರೆದ ನನ್ನ ಅನುಭವ

ನಮ್ಮ ಕನ್ನಡ ಕೂಟದ ಸಂಚಿಕೆಗೆ ಒಂದು ಜೀವನ ಚರಿತ್ರೆ ಬರೆದ್ಕೊಡಿ ಅಂದ್ರು, ಅಲೆಕ್ಸಾಂಡರ್ ಟ್ವಿಲೈಟ್ ಬಗ್ಗೆ ಬರೀತೀನಿ ಅಂತ ಒಪ್ಕೊಂಡೆ. ಟ್ವಿಲೈಟ್ ಅಂದ್ರೆ ಮುಸ್ಸಂಜೆ, ಅದು ಅವರ ಮನೆತನದ ಹೆಸರು. 1823ರಲ್ಲಿ ಮಿಡಲ್‌ಬರಿ ಕಾಲೇಜಲ್ಲಿ ಡಿಗ್ರಿ, 1836ರಲ್ಲಿ ಎಲೆಕ್ಷನ್ ಗೆದ್ದು ವರ್ಮಾಂಟ್ ರಾಜ್ಯದ ಅಸೆಂಬ್ಲಿಗೆ. ಅಮೆರಿಕದ ಕಪ್ಪು ಜನರಲ್ಲಿ ಎರಡಕ್ಕೂ ಇವರೇ ಮೊದಲಿಗರು ಅಂತ ಗುರುತಿಸ್ತಾರೆ.

ಮೊದಲನೇ ಡ್ರಾಫ್ಟ್ ಎರಡೇ ದಿನದಲ್ಲಿ ಮುಗೀತು, ನಮ್ಮ ಮನೆಯವ್ರು ಓದಿ "ಸರಿ, ಗೆದ್ರು, ಆದ್ರೆ ಅಲ್ಲಿ ಹೋಗಿ ಏನ್ ಮಾಡಿದ್ರು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಲ್ಲಿಂದ ಮತ್ತೆ ಮೊದಲಿನಿಂದ ಶುರು ಮಾಡ್ದೆ.

ಮೊದಲು ತಲೆಕೆಟ್ಟಿದ್ದು ಒಂದು ಪದದ ವಿಷಯಕ್ಕೆ. 1795ರಲ್ಲಿ ಕೋರಿಂತ್ ಅನ್ನೋ ಊರಲ್ಲಿ ಹುಟ್ಟಿದ ಈ ಹುಡುಗನ್ನ ಎಂಟನೇ ವಯಸ್ಸಿಗೇ ಪಕ್ಕದ ರೈತನ ಮನೇಲಿ ಕರಾರಿನ ಮೇಲೆ ದುಡಿಯೋಕೆ ಬಿಟ್ಟಿದ್ರು. ಇದನ್ನ ಜೀತ ಅನ್ನಲಾ, ಆಳು ಅನ್ನಲಾ? ಆಳಾದ್ರೆ ಬಿಟ್ಟು ಹೋಗ್ಬಹುದು, ಈ ಹುಡುಗ ಹೋಗೋ ಹಾಗಿರ್ಲಿಲ್ಲ, ಇಪ್ಪತ್ತರ ಹೊತ್ತಿಗೆ ತಾನೇ ಕೂಡಿಟ್ಟ ದುಡ್ಡು ಕಟ್ಟಿ ಉಳಿದ ಅವಧಿಯಿಂದ ಬಿಡಿಸ್ಕೊಂಡು ರಾಂಡಾಲ್ಫ್ ಊರಿನ ಶಾಲೆಗೆ ಸೇರಿದ. ಕೊನೆಗೆ ಜೀತ ಅಂತಲೇ ಬರೆದು, ಕರಾರಿನ ವಿಷಯ ಒಂದು ಸಾಲಲ್ಲಿ ವಿವರಿಸ್ದೆ. ಅಲ್ಲೀವರೆಗೂ "ಹುಡುಗ", ಕಾಲೇಜು ಸೇರಿದ ಮೇಲೆ "ಅವರು" ಅಂತ ಮಾಡ್ಕೊಂಡೆ.

ಆಮೇಲೆ ಜೂನ್‌ನಲ್ಲಿ ಒಂದು ಶನಿವಾರ ಬಾಸ್ಟನ್‌ನಿಂದ ಕಾರ್ ತಗೊಂಡು ಬ್ರೌನಿಂಗ್ಟನ್‌ಗೆ ಹೊರಟ್ವಿ. ವರ್ಮಾಂಟ್‌ನ ಬಡಗಣ ತುದಿ, ಕೆನಡಾ ಗಡಿ ಹತ್ರ, ಮೂರು ಗಂಟೆಗೂ ಮೇಲೆ ಡ್ರೈವ್. 1829ರಲ್ಲಿ ಅವರು ಅಲ್ಲಿಯ ಆರ್ಲೀನ್ಸ್ ಕೌಂಟಿ (ಅಂದ್ರೆ ಜಿಲ್ಲೆ) ಗ್ರಾಮರ್ ಸ್ಕೂಲಿಗೆ, ಅಂದ್ರೆ ಆ ಕಾಲದ ಹೈಸ್ಕೂಲಿಗೆ, ಮುಖ್ಯ ಮೇಷ್ಟ್ರಾಗಿ ಬಂದ್ರು, ಊರಿನ ಚರ್ಚಲ್ಲಿ ಪ್ರವಚನಾನೂ ಅವರದೇ. ದೂರದ ಮಕ್ಕಳಿಗೆ ಉಳಿಯೋಕೆ ಹಾಸ್ಟೆಲ್ ಬೇಕು ಅಂದ್ರೆ ಶಾಲೆ ಟ್ರಸ್ಟಿಗಳು ದುಡ್ಡು ಕೊಡಲ್ಲ ಅಂದ್ರಂತೆ. ಅವರು ಸುಮ್ಮನೆ ಕೂರಲಿಲ್ಲ, ನಾಲ್ಕು ಅಂತಸ್ತಿನ ಗ್ರಾನೈಟ್ ಕಟ್ಟಡ ಎಬ್ಬಿಸಿಯೇಬಿಟ್ರು, ಅಥೀನಿಯನ್ ಹಾಲ್ ಅಂತ ಹೆಸರಿಟ್ರು. ಇವತ್ತಿಗೂ ನಿಂತಿದೆ, ಈಗ ಮ್ಯೂಸಿಯಂ. ಗೋಡೆಗೆ ಕೈ ಇಟ್ಟೆ, ಹೊರಗೆ ಅಷ್ಟು ಬಿಸಿಲಿದ್ರೂ ನೆರಳಿನ ಕಡೆ ಕಲ್ಲು ತಣ್ಣಗಿತ್ತು. ಒಂದೇ ಎತ್ತು ಕಟ್ಟಿಕೊಂಡು ಅಷ್ಟೂ ಕಲ್ಲನ್ನ ಮೇಲೇರಿಸಿದ್ರು ಅಂತ ಒಂದು ಕಥೆ ಇದೆ, ಅದನ್ನ ಕಥೆ ಅಂತ ಹೇಳಿಯೇ ಸೇರಿಸ್ದೆ.

ಆ ಕಟ್ಟಡ ನೋಡಿದ ಮೇಲೇ ನನಗೆ ಅಸೆಂಬ್ಲಿ ಅರ್ಥ ಆಗಿದ್ದು. ಕಟ್ಟಡ ಮುಗಿದಿದ್ದೂ 1836ರಲ್ಲೇ, ಎಲೆಕ್ಷನ್ ಗೆದ್ದಿದ್ದೂ ಅದೇ ವರ್ಷ! ಆಗ ವರ್ಮಾಂಟಲ್ಲಿ ಊರಿಗೊಬ್ಬ ಪ್ರತಿನಿಧಿ, ಅವಧಿ ಒಂದೇ ವರ್ಷ. ಅಲ್ಲಿ ಊರೂರಲ್ಲಿ ಗ್ರಾಮರ್ ಸ್ಕೂಲಿಗೆ ಅಂತ ಜಮೀನು ಮೀಸಲಿಟ್ಟು, ಅದರ ಗೇಣಿ ದುಡ್ಡು ಕೌಂಟಿಯ ಆ ಶಾಲೆಗೆ ಬರೋ ಹಾಗೆ ಮಾಡಿದ್ರು. ಪಕ್ಕದ ಕ್ರಾಫ್ಟ್ಸ್‌ಬರಿಯವರು ತಮ್ಮ ಅಕಾಡೆಮಿಗೂ ಅದರಲ್ಲಿ ಪಾಲು ಬೇಕು ಅಂತಿದ್ರು. ಇರೋ ದುಡ್ಡು ಹಂಚಿದ್ರೆ ಎರಡು ಶಾಲೆಯೂ ಸೊರಗುತ್ತೆ ಅನ್ನೋದು ಟ್ವಿಲೈಟ್ ಮೇಷ್ಟ್ರ ವಾದ, ಅದಕ್ಕೇ ಅವರು ಅಸೆಂಬ್ಲಿ ಸೇರೋ ರಾಜಧಾನಿ ಮಾಂಟ್‌ಪೀಲಿಯರ್‌ಗೆ ಹೋಗಿದ್ದು. ವಾದ ಗೆಲ್ಲಲಿಲ್ಲ, ದುಡ್ಡು ಹಂಚಿಹೋಯ್ತು.

ಇದು ಗೊತ್ತಾದ ದಿನ ನನಗೆ ನಿದ್ದೆ ಬರ್ಲಿಲ್ಲ ಕಣ್ರೀ. ಎಲ್ಲರೂ "ಮೊದಲಿಗ" ಅಂತ ಹೇಳೋ ಮನುಷ್ಯ ಅಲ್ಲಿಗೆ ಹೋಗಿದ್ದು ತನ್ನ ಶಾಲೆ ಉಳಿಸ್ಕೊಳ್ಳೋಕೆ, ನಾನು ಅದನ್ನೇ ಬಿಟ್ಟು ಬರೆದಿದ್ದೆ. ಹಳೇ ಡ್ರಾಫ್ಟಿನ ಶುರುವಿನ ಎರಡು ಪುಟ ಪೂರ್ತಿ ತೆಗೆದು, ಗೇಣಿ ದುಡ್ಡಿನಿಂದ ಲೇಖನ ಶುರು ಮಾಡ್ದೆ.

ಕೊನೇ ಭಾಗ ಬರೆಯೋಕೆ ಅಷ್ಟು ಕಷ್ಟ ಆಗ್ಲಿಲ್ಲ. 1847ರಲ್ಲಿ ಬ್ರೌನಿಂಗ್ಟನ್ ಬಿಟ್ಟು ಕೆನಡಾದ ಕ್ವಿಬೆಕ್ ಕಡೆ ಪಾಠ ಹೇಳೋಕೆ ಹೋದ್ರು, 1852ರಲ್ಲಿ ಮತ್ತೆ ಅದೇ ಶಾಲೆಗೆ ವಾಪಸ್ ಬಂದ್ರು, 1855ರಲ್ಲಿ ಪಾರ್ಶ್ವವಾಯು ಹೊಡೆದು ಪಾಠ ನಿಂತೋಯ್ತು, 1857ರ ಜೂನ್‌ನಲ್ಲಿ ತೀರ್ಕೊಂಡ್ರು. ಅವರ ಸಮಾಧಿ ಅದೇ ಊರಿನ ಚರ್ಚ್ ಹತ್ರಾನೇ ಇದೆ, ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಸಂಜೆ ಆಗೋ ಮುಂಚೆ ಊರಿಗೆ ಹೊರಟ್ವಿ.